ಹಿಂದೆ ನಿಂತು ಕರೆದಾಗ

ನಮ್ಮ ನಾಯಿಯ ಕಿವಿಗೆ ನಾಲ್ಕು ವರ್ಷ ದಿನಕ್ಕೆರಡು ಸಲ ಔಷಧಿ ಹಾಕಿದ್ದೇನೆ. ಉದ್ದ ಕಿವಿಯ, ಕಂದು ಬಣ್ಣದ ಚಿಕ್ಕ ನಾಯಿ, ಹೆಸರು ಪುಟ್ಟ. ಅದನ್ನು ತಂದವಳು ನನ್ನ ಅಕ್ಕ. ನಾವಿಬ್ಬರೂ ಮದುವೆಯಾಗದೆ ಹೊಸ ತಿಪ್ಪಸಂದ್ರದ ಈ ಎರಡನೇ ಮಹಡಿಯ ಮನೆಯಲ್ಲೇ ಉಳಿದವರು. ಅಕ್ಕ ತೀರಿಕೊಂಡ ಮೇಲೆ ನಾನು ಮತ್ತು ಪುಟ್ಟ, ಇಬ್ಬರೇ.

ನನ್ನ ಕೆಲಸ ಸೀರೆಗೆ ಕುಚ್ಚು ಕಟ್ಟುವುದು. ಮಾರ್ಕೆಟ್ ರಸ್ತೆಯ ಬ್ಲೌಸ್ ಅಂಗಡಿಯವರು ಸೀರೆ ಕಳಿಸುತ್ತಾರೆ. ನಾನು ಕಿಟಕಿಯ ಪಕ್ಕ ಚಾಪೆ ಹಾಸಿಕೊಂಡು ಕೂರುತ್ತೇನೆ. ಪುಟ್ಟ ಎದುರಿಗೆ ಮಲಗುತ್ತಾನೆ. ಕೈಯಲ್ಲಿ ದಾರ ಓಡುತ್ತಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಈ ಬಣ್ಣಕ್ಕೆ ಈ ಮಣಿ ಒಪ್ಪುತ್ತದೋ ಇಲ್ಲವೋ, ಅಕ್ಕ ಇದ್ದಿದ್ದರೆ ಏನೆನ್ನುತ್ತಿದ್ದಳು, ಎಲ್ಲ ಅವನಿಗೇ ಹೇಳುತ್ತಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಬೇರೆ ಯಾರ ಜೊತೆಗೂ ಮಾತಾಡಿರುತ್ತಿರಲಿಲ್ಲ.

ಕಿವಿ ಮಾತ್ರ ವಾಸಿಯಾಗಲಿಲ್ಲ. ಒಂದು ತಿಂಗಳು ಸರಿಹೋದರೆ ಮತ್ತೆ ಕೀವು, ಮತ್ತೆ ಹುಳಿ ಬಂದ ಹಿಟ್ಟಿನಂಥ ವಾಸನೆ. ತಲೆ ಒದರಿ ಒದರಿ ಗೋಡೆಗೆಲ್ಲ ಕಲೆ. ಕೊನೆಗೆ ಇಂದಿರಾನಗರದ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ ನೋಡಿ ಹೇಳಿದರು:

"ಆಂಟಿ, ಇನ್ನು ಡ್ರಾಪ್ಸ್ ಹಾಕಿ ಪ್ರಯೋಜನ ಇಲ್ಲ. ಒಳಗಿನ ಕೊಳವೆ ಗಟ್ಟಿಯಾಗಿ ಮುಚ್ಕೊಂಡ್ಬಿಟ್ಟಿದೆ. ಆಪರೇಷನ್ ಮಾಡಿ ಅದನ್ನೇ ತೆಗೀಬೇಕು. ಎರಡೂ ಕಡೆ."

"ಆಮೇಲೆ ಕಿವಿ ಕೇಳ್ಸುತ್ತಾ?"

"ಹೆಚ್ಚುಕಮ್ಮಿ ಏನೂ ಕೇಳ್ಸಲ್ಲ. ಆದ್ರೆ ನೋವು ಹೋಗುತ್ತೆ. ಬೇಡ ಅಂದ್ರೆ ಮಾತ್ರೆ ಕೊಟ್ಟು ದಿನ ತಳ್ಬಹುದು, ನೋವು ಇದ್ದೇ ಇರುತ್ತೆ."

ಯೋಚನೆ ಮಾಡುತ್ತೇನೆಂದು ಎದ್ದು ಬಂದೆ. ಆಟೋದಲ್ಲಿ ಪುಟ್ಟ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ. ಆಗ ನನ್ನ ತಲೆಯಲ್ಲಿದ್ದದ್ದು ಅವನ ನೋವಲ್ಲ. ಇನ್ನು ಯಾರ ಹತ್ತಿರ ಮಾತಾಡಲಿ ಎಂಬುದಷ್ಟೇ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಮೂರು ವಾರ ಹಾಗೇ ತಳ್ಳಿದೆ. ಒಂದು ಬೆಳಿಗ್ಗೆ ಔಷಧಿಯ ಬಾಟಲಿ ಕಂಡು ಮಂಚದ ಕೆಳಗೆ ಸೇರಿಕೊಂಡವನನ್ನು ಎಳೆಯಲು ಹೋದೆ. ಒಂದು ದಿನವೂ ಗುರ್ ಎನ್ನದವನು ನನ್ನ ಕೈ ಕಚ್ಚಿದ. ಕಚ್ಚಿ, ತಾನೇ ಹೆದರಿ ಮೂಲೆಗೆ ಒತ್ತಿಕೊಂಡ.

ಅವತ್ತೇ ಡಾಕ್ಟರಮ್ಮನ ಹತ್ತಿರ ಮತ್ತೆ ಹೋದೆ. "ಅವ್ನಿಗೆ ನನ್ನ ಧ್ವನಿ ಬೇಕು ಡಾಕ್ಟ್ರೇ. ಅದಿಲ್ದಿದ್ರೆ ಹೆದ್ರಿಕೊಳ್ತಾನೆ," ಅಂದೆ.

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಮನೇಲಿ ಅವ್ನು ಬೇರೆ ಕಡೆ ನೋಡ್ತಿರುವಾಗ, ಹಿಂದೆ ನಿಂತ್ಕೊಂಡು ಒಂದ್ಸಲ ಕರೆದು ನೋಡಿ ಆಂಟಿ."

ಮಧ್ಯಾಹ್ನ ಅವನು ಕಿಟಕಿಯಾಚೆ ಪಾರಿವಾಳ ನೋಡುತ್ತಾ ಕೂತಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು "ಪುಟ್ಟಾ" ಅಂದೆ. ಇನ್ನೊಮ್ಮೆ ಕರೆದೆ. ಮೂರನೇ ಸಲ ಕೆಳಗಿನ ಮನೆಯವರಿಗೂ ಕೇಳಿಸುವಷ್ಟು ಜೋರಾಗಿ ಕೂಗಿದೆ. ಅವನು ತಿರುಗಲೇ ಇಲ್ಲ. ಮುಂದೆ ಹೋಗಿ ನಿಂತ ಕೂಡಲೇ ಮುಖ ನೋಡಿ ಬಾಲ ಆಡಿಸಿದ.

ಅವನಿಗೆ ಕಿವಿ ಕೇಳಿಸದೆ ಎಷ್ಟು ಕಾಲವಾಗಿತ್ತೋ ಗೊತ್ತಿಲ್ಲ. ಅಷ್ಟು ದಿನ ಅವನು ನೋಡುತ್ತಿದ್ದದ್ದು ನನ್ನ ತುಟಿಗಳ ಆಟವನ್ನು. ಅವತ್ತು ನಾನು ಸೀರೆ ಮುಟ್ಟಲಿಲ್ಲ. ಸಂಜೆ ಡಾಕ್ಟರಮ್ಮನಿಗೆ ಫೋನ್ ಮಾಡಿ, "ಮಾಡ್ಬಿಡಿ" ಅಂದೆ.

ಮೊದಲು ಬಲಗಿವಿ, ಎರಡು ತಿಂಗಳು ಬಿಟ್ಟು ಎಡಗಿವಿ. ಮೊದಲ ಆಪರೇಷನ್ ಆದ ಮೇಲೆ ಪಕ್ಕದ ನರಕ್ಕೆ ಪೆಟ್ಟಾಗಿ ಬಲಗಣ್ಣಿನ ರೆಪ್ಪೆ ಮುಚ್ಚದಂತಾದಾಗ, ತಪ್ಪು ಮಾಡಿಬಿಟ್ಟೆನೇನೋ ಎಂದು ಹೆದರಿಹೋಗಿದ್ದೆ. ಕೆಲವು ವಾರದಲ್ಲಿ ಅದು ಸರಿಹೋಯಿತು. ಎರಡೂ ಹೊಲಿಗೆ ಮಾಗಿದ ಮೇಲೆ ಒಂದು ದಿನ ನೋಡುತ್ತೇನೆ, ಕಿವಿಯನ್ನೇ ನೆಲಕ್ಕೊತ್ತಿ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ವರ್ಷಗಳಿಂದ ಅವನು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ.

ಈಗ ಅವನ ಹತ್ತಿರ ಹೋಗುವ ಮುಂಚೆ ನೆಲಕ್ಕೆ ಎರಡು ಸಲ ಕಾಲು ಅಪ್ಪಳಿಸುತ್ತೇನೆ. ನೆಲ ಅದುರಿದ್ದು ತಿಳಿದು ಎದ್ದು ನೋಡುತ್ತಾನೆ. ಕಳೆದ ವಾರ ಕೆಳಗಿನ ಮನೆಯ ತಮಿಳು ಹೆಂಗಸು ಮೆಟ್ಟಿಲು ಹತ್ತಿ ಬಂದಳು.

"ಅಕ್ಕಾ, ಮೇಲೆ ಏನೋ ಕುಟ್ತಾ ಇದೀರಾ?"

ನಾಯಿಯ ವಿಷಯ ಹೇಳಿದೆ. "ಅಯ್ಯೋ, ಪಾವಂ, ಪಾಪ," ಎಂದು ಅವನ ತಲೆ ಸವರಿದಳು.

"ಕಾಫಿ ಕುಡ್ಕೊಂಡ್ ಹೋಗಿ," ಅಂದೆ.

"ಇನ್ನೊಂದ್ ದಿನ ಬರ್ತೀನಿ ಅಕ್ಕಾ, ಒಲೆ ಮೇಲೆ ಹಾಲಿಟ್ಟಿದೀನಿ."

ಅವಳು ಇಳಿದು ಹೋದ ಮೇಲೂ ಸ್ವಲ್ಪ ಹೊತ್ತು ಬಾಗಿಲು ತೆರೆದೇ ಇಟ್ಟಿದ್ದೆ.