ಹುಳು ಹಣ್ಣಾಗುವವರೆಗೆ

ಆಗೆಲ್ಲ ನಮ್ಮ ಮನೆಯಲ್ಲಿ ದಿನ ಎಣಿಸುತ್ತಿದ್ದುದು ಕ್ಯಾಲೆಂಡರಿನಿಂದಲ್ಲ, ರೇಷ್ಮೆ ಹುಳುವಿನ ಜ್ವರದಿಂದ. ಒಂದನೇ ಜ್ವರ, ಎರಡನೇ ಜ್ವರ ಎಂದು ಅವು ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ ಏಳುತ್ತಿದ್ದವು. ನಾಲ್ಕನೆಯದು ಮುಗಿಸಿ ಎದ್ದವೋ, ಆಮೇಲೆ ಮನೆಮಂದಿಗೆ ಪುರಸೊತ್ತಿಲ್ಲ. ಮದ್ದೂರಿನ ಸುತ್ತ ಹುಳು ಸಾಕಿದ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಇನ್ನೂ ನೆನಪಿರಬೇಕು. ಹಿಪ್ಪುನೇರಳೆ ಸೊಪ್ಪು, ಸುಣ್ಣದ ಪುಡಿ, ಎಲ್ಲ ಸೇರಿದ ಒಂದು ಹಸಿ ಘಾಟು. ನಾವು ಉಣ್ಣುವ ಉಪ್ಸಾರು ಮುದ್ದೆಗೂ ಅದೇ ವಾಸನೆ.

ಆ ದಿನಗಳಲ್ಲಿ ಹೊರಗಿನವರು ನಮ್ಮ ಹೊಸಿಲು ದಾಟುತ್ತಿರಲಿಲ್ಲ. ಸಾವಿನ ಮನೆಗೆ ಹೋಗಿಬಂದವರಂತೂ ಹುಳುವಿನ ಹತ್ತಿರ ಸುಳಿಯುವಂತಿರಲಿಲ್ಲ. ಹುಳು ಕೆಡುತ್ತವೆ ಅಂತ ಎಲ್ಲರ ನಂಬಿಕೆ.

ನಾನಾಗ ಏಳನೇ ಕ್ಲಾಸು ಮುಗಿಸಿದ್ದೆ. ಹೈಸ್ಕೂಲು ಮದ್ದೂರಿನಲ್ಲಿ, ನಮ್ಮೂರಿಗೆ ಹೊತ್ತಿಗೆ ಸರಿಯಾದ ಬಸ್ಸಿಲ್ಲ. ಅಪ್ಪ ಖಡಾಖಂಡಿತವಾಗಿ ಹೇಳಿದ್ದ: "ಈ ಬೆಳೆ ಕೈಗತ್ತಿದ್ರೆ ಸೈಕಲ್ಲು. ಇಲ್ದಿದ್ರೆ ಮನೇಲಿರು." ನಾನು ಟೀಚರಾಗಬೇಕೆಂದು ಹಟ ಹಿಡಿದವಳು. ಕುಂಟೆಬಿಲ್ಲೆ ಬಿಟ್ಟು ಅವ್ವನ ಜೊತೆ ಸೊಪ್ಪು ಹಾಕುತ್ತಿದ್ದೆ. ಒಂದು ಹುಳು ಸೊರಗಿದರೂ ನನಗೆ ಅಳು ಬರುತ್ತಿತ್ತು.

ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನು ಎರಡು ದಿನವಿತ್ತು. ಬೆಲ್ಲ ತರಲು ಸಿದ್ದಣ್ಣನ ಅಂಗಡಿಗೆ ಹೋದೆ. ಊರಿಗೆಲ್ಲ ಅಲ್ಲೊಂದೇ ಫೋನು.

"ಮಳವಳ್ಳಿ ಕಡೆಯಿಂದ ನಿಮ್ಮಾವ ಪೋನ್ ಮಾಡಿದ್ದ ಕಣವ್ವ," ಎಂದ ಸಿದ್ದಣ್ಣ. "ನಿಮ್ಮಜ್ಜಿಗೆ ಉಸಾರಿಲ್ವಂತೆ. ಮಗಳ ಮಕ ನೋಡ್ಬೇಕು ಅಂತಾವ್ಳಂತೆ. ಉಳ ಇರೋ ಮನೆ, ನಾನ್ ಬರಂಗಿಲ್ಲ. ನಿಮ್ಮವ್ವಂಗೆ ಈಗ್ಲೇ ಯೋಳು."

ದಾರಿಯುದ್ದಕ್ಕೂ ಯೋಚಿಸಿದೆ. ಅವ್ವ ಹೋದರೆ ಅಪ್ಪನೊಬ್ಬನೇ ಸೊಪ್ಪು ಕೊಯ್ದು ಹಾಕಲಾರ. ಅಲ್ಲಿ ಹೆಚ್ಚುಕಡಿಮೆಯಾದರೆ ಅವ್ವ ಹುಳುವಿನ ಹತ್ತಿರ ಬರುವಂತೆಯೂ ಇಲ್ಲ. ಅಜ್ಜಿ ಹಿಂದೆಯೂ ಹೀಗೆ ಮಲಗಿ ಎದ್ದಿದ್ದಳು, ಎರಡು ದಿನ ಕಾಯುತ್ತಾಳೆ ಅಂದುಕೊಂಡೆ. ಅಷ್ಟು ಮುಂದಾಲೋಚನೆಯ ಹುಡುಗಿ ನಾನು!

ಬೆಲ್ಲ ಕೊಟ್ಟೆ. ಸುದ್ದಿ ಕೊಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹುಳುಗಳೆಲ್ಲ ಹಣ್ಣಾಗಿ ಹಳದಿ ತಿರುಗಿದ್ದವು. ಗೂಡು ಕಟ್ಟಲೆಂದು ಅವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಕೊನೆಯ ಹುಳುವನ್ನೂ ಬಿಟ್ಟಾದ ಮೇಲೆ ಅಂಗಡಿ ಕಡೆ ಹೋಗಿಬಂದು, ಈಗಷ್ಟೇ ಫೋನು ಬಂತೆಂದು ಅವ್ವನಿಗೆ ಸುಳ್ಳು ಹೇಳಿದೆ. ಅವಳು ಸೀರೆ ಕೂಡ ಬದಲಿಸದೆ ನನ್ನ ಕೈಹಿಡಿದು ಬಸ್ಸಿಗೆ ಓಡಿದಳು.

ನಾವು ಹೋದಾಗ ಅಜ್ಜಿಯನ್ನು ಜಗಲಿಯ ಮೇಲೆ ಮಲಗಿಸಿದ್ದರು. ಬೆಳಿಗ್ಗೆಯೇ ಹೋಗಿಬಿಟ್ಟಿದ್ದಳು.

ಮಾವ ಅವ್ವನ ಮೇಲೆ ಹರಿಹಾಯ್ದ. "ಮೊನ್ನೆನೇ ಯೋಳ್ಕಳಿಸಿದ್ನಲ್ಲ! ಎರಡು ದಿವ್ಸ ಬಾಕ್ಲು ನೋಡ್ಕಂಡೇ ಜೀವ ಬುಟ್ಲು ಕಣೇ!"

ಅವ್ವ ತಿರುಗಿ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳಿಗೆ ಅಷ್ಟು ಸಾಕಾಯಿತು.

"ಊ ಕಣಣ್ಣ, ಯೋಳಿದ್ರು," ಎಂದಳು. "ಉಳ ಬುಟ್ಟು ಬರಕ್ಕಾಗ್ನಿಲ್ಲ."

"ಎತ್ತವ್ವಂಗಿಂತ ನಿಂಗೆ ಉಳನೇ ಎಚ್ಚಾಯ್ತಾ? ಇನ್ನು ಈ ಮನೆ ಬಾಕ್ಲು ತುಳೀಬ್ಯಾಡ."

ಬಸ್ಸಿನಲ್ಲಿ ನಾನು ಬಿಕ್ಕುತ್ತಿದ್ದೆ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀನು ಕೂಸು ಕಣ್ಮಗ, ನಿಂಗೇನ್ ಗೊತ್ತಾಯ್ತದೆ. ಯಾರ್ ಕುಟ್ಟೂ ಯೋಳ್ಬ್ಯಾಡ," ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಆ ಮಾತು ನನಗೆ ಅನುಕೂಲವೇ ಆಯಿತು.

ಬೆಳೆ ಚೆನ್ನಾಗಿ ಬಂತು. ಸೈಕಲ್ಲೂ ಬಂತು. ಮಾವನಿಗೆ ನಿಜ ಹೇಳಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಯಲಿ, ಕೆಲಸ ಸಿಗಲಿ, ಮದುವೆಯಾಗಲಿ ಎಂದು ಮುಂದೂಡುತ್ತಲೇ ಹೋದೆ. ಗೌರಿ ಹಬ್ಬದ ದಿನ ಓಣಿಯ ಹೆಂಗಸರಿಗೆಲ್ಲ ತವರಿನಿಂದ ಬಾಗಿನ ಬರುತ್ತಿತ್ತು. ಅವ್ವ ಒಲೆಯ ಮುಂದಿನಿಂದ ಏಳುತ್ತಲೇ ಇರಲಿಲ್ಲ.

ಹೋದ ವರ್ಷ ಮಂಡ್ಯದ ನನ್ನ ಮನೆಯಲ್ಲಿ ಅವ್ವ ತೀರಿಕೊಂಡಳು. ಅವಳ ಕೈ ನನ್ನ ಕೈಯಲ್ಲಿತ್ತು. ಅವಳು ನನ್ನ ಮುಖ ನೋಡಿಕೊಂಡೇ ಹೋದಳು. ಅವಳ ಅವ್ವನಿಗೆ ನಾನು ತಪ್ಪಿಸಿದ್ದು ಅದನ್ನೇ.

ಮಾವ ಮಣ್ಣಿಗೆ ಬಂದಿದ್ದ. ಕೋಲೂರಿಕೊಂಡು ದೂರದಲ್ಲೇ ನಿಂತಿದ್ದ. ಹೋಗಿ ಕಾಲು ಹಿಡಿದೆ, ಎಲ್ಲವನ್ನೂ ಹೇಳಿದೆ. ಅವನು ಕೋಲೂರುತ್ತ ತಂಗಿಯ ಹತ್ತಿರಕ್ಕೆ ಹೋದ.

"ಅವಳಿದ್ದಾಗ ಒಂದ್ ಮಾತು ಯೋಳ್ಬಾರ್ದಿತ್ತೇನವ್ವಾ?" ಎಂದ. "ಬಾಗಿನ ತಕ್ಕಂಡು ಓಡ್ಬತ್ತಿದ್ನಲ್ಲವ್ವ ನಾನು."