ಉಪ್ಪಲ್‌ಗೆ ಒಯ್ದ ಎರಡು ನಳಿಕೆಗಳು

ಧಾರವಾಡದಲ್ಲಿ ಹೈದರಾಬಾದಿನ ಬಸ್ಸು ಹತ್ತುವಾಗ ಕ್ಲೀನರ್ ನನ್ನ ಥರ್ಮಾಕೋಲ್ ಡಬ್ಬಿಯನ್ನು ಡಿಕ್ಕಿಗೆ ಹಾಕಲು ಕೈ ಚಾಚಿದ. ನಾನು ಕೊಡಲಿಲ್ಲ. "ಮೀನೇನ್ರಿ ಮೇಡಂ? ವಾಸನಿ ಬಂದ್ರ ಮಂದಿ ನನಗ ಬೈತಾರ್ರಿ" ಎಂದ. ಔಷಧ ಎಂದು ಸುಳ್ಳು ಹೇಳಿದೆ. ಸುಮಾರು ಐನೂರು ಕಿಲೋಮೀಟರ್ ದಾರಿ, ಮೇ ತಿಂಗಳ ಧಗೆ, ಸ್ಲೀಪರ್ ಬಸ್ಸಿನ ಎ.ಸಿ. ಹೆಸರಿಗಷ್ಟೇ. ಡಬ್ಬಿಯನ್ನು ಮಗ್ಗುಲಲ್ಲಿಟ್ಟುಕೊಂಡು, ಒಂದು ಕೈ ಅದರ ಮೇಲೇ ಇಟ್ಟು ಮಲಗಿದೆ.

ಒಳಗಿದ್ದದ್ದು ಮನುಷ್ಯನ ಜೀವಕೋಶದ ಒಂದು ಯಂತ್ರ. ಡಿಎನ್‌ಎಯಿಂದ ನಕಲಾಗಿ ಬಂದ ಆರ್‌ಎನ್‌ಎ ಎಳೆ ಇದ್ದ ಹಾಗೇ ಕೆಲಸಕ್ಕೆ ಬರುವುದಿಲ್ಲ. ಅದನ್ನು ಕತ್ತರಿಸಬೇಕು, ತುದಿ ಸವರಬೇಕು, ಕೆಟ್ಟದ್ದನ್ನು ಚೂರು ಮಾಡಬೇಕು. ಈ ಕೆಲಸವನ್ನು ಪ್ರೋಟೀನುಗಳು ಒಂಟಿಯಾಗಿ ಮಾಡುವುದು ಕಡಿಮೆ, ಗುಂಪು ಕಟ್ಟಿಕೊಂಡೇ ಮಾಡುತ್ತವೆ. ನಾನು ಬೆನ್ನು ಹತ್ತಿದ ಗುಂಪು ಬಳೆಯ ಹಾಗೆ ದುಂಡಗೆ, ನಡುವೆ ತೂತು. ಎಳೆ ಆ ತೂತಿನಲ್ಲಿ ಇಳಿಯುತ್ತದೆ, ತಳದಲ್ಲಿ ಕೂತ ಇನ್ನೊಂದು ಪ್ರೋಟೀನು ಅದನ್ನು ಕಚ್ಚಿ ಚೂರು ಮಾಡುತ್ತದೆ. ಈ ಬಳೆಯ ಪಕ್ಕದಲ್ಲಿ ಇದುವರೆಗೆ ಯಾರೂ ಗುರುತಿಸದ ಒಬ್ಬ ಕಾವಲುಗಾರನಿದ್ದಾನೆ, ಯಾವ ಎಳೆಯನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವವನು ಅವನೇ ಎಂಬುದು ನನ್ನ ಪಿಎಚ್‌ಡಿಯ ತಿರುಳು. ಅವನು ಬಳೆಗೆ ಅಂಟಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡರೆ ನನಗೆ ಪದವಿ. ಕಾಣದಿದ್ದರೆ ಇಷ್ಟು ವರ್ಷಗಳ ಕೆಲಸ ನೀರುಪಾಲು.

ಡಬ್ಬಿಯಲ್ಲಿ ಎರಡು ನಳಿಕೆಗಳಿದ್ದವು. ಬಳೆಯ ಒಂದು ಪ್ರೋಟೀನಿಗೆ ಚಿಕ್ಕ ಹಿಡಿಕೆ ಅಂಟಿಸಿ, ಆ ಹಿಡಿಕೆಯನ್ನು ಹಿಡಿಯುವ ಮಣಿಗಳಿಂದ ಇಡೀ ಗುಂಪನ್ನು ಕೋಶದಿಂದ ಎಳೆದು ತೆಗೆಯುತ್ತೇವೆ. ಅದು ಮಾಲಿನ ನಳಿಕೆ. ಹಿಡಿಕೆಯೇ ಇಲ್ಲದ ಕೋಶಗಳಿಂದಲೂ ಹಾಗೆಯೇ ಎಳೆದು ನೋಡುತ್ತೇವೆ, ಅದರಲ್ಲಿ ಏನೂ ಬರಕೂಡದು. ಅದು ಖಾಲಿ ನಳಿಕೆ. ನಮ್ಮ ಲ್ಯಾಬಿನಲ್ಲಿ ಮಾಲಿಗೆ ರಾಶಿ ತಟ್ಟೆಗಳಲ್ಲಿ ಬೆಳೆಸಿದ ಕೋಶ, ಖಾಲಿಗೆ ಒಂದೇ ತಟ್ಟೆ. "ಖಾಲಿಗ್ಯಾಕ ಅಷ್ಟು ಸುರೀತಿ?" ಎನ್ನುವುದು ನನ್ನ ಮಾರ್ಗದರ್ಶಕಿ ಮೇಡಂ ಅವರ ಕಾಯಂ ಮಾತು. ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಕೊಡಲು ಒಪ್ಪಿದ್ದ, ಹೈದರಾಬಾದಿನ ಉಪ್ಪಲ್‌ನ ಬಿರಾದಾರ ಸರ್ ಮಾತ್ರ ಫೋನಿನಲ್ಲಿ, "ಖಾಲಿಗೂ ಮಾಲಿನಷ್ಟ ತಟ್ಟೆ ತಗೊಂಡು ಮಾಡ್ಕೊಂಡು ಬಾ. ಇಲ್ಲಂದ್ರ ಬರಬ್ಯಾಡ" ಎಂದಿದ್ದರು. ಹೊರಡುವ ಗಡಿಬಿಡಿಯಲ್ಲಿ ಮಾಡಿದೆ. ಪರೀಕ್ಷಿಸಿ ನೋಡಲು ಪುರುಸೊತ್ತಾಗಲಿಲ್ಲ.

ಈ ಬಿರಾದಾರ ಸರ್ ಮೇಲೇ ನಮಗೆ ಗುಮಾನಿ. ಕಲಬುರಗಿ ಕಡೆಯವರು, ಉಪ್ಪಲ್‌ನ ಒಂದು ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಉಸ್ತುವಾರಿ. ಅವರ ಹುಡುಗರೂ ಇದೇ ಬಳೆಯ ಹಿಂದೆ ಬಿದ್ದಿದ್ದಾರೆಂಬ ಸುದ್ದಿ ಇತ್ತು. ಪರರ ಕೈಗೆ ಹೋಗುವ ನಳಿಕೆಗಳ ಮೇಲೆ ನಿಜ ಹೆಸರು ಬರೆಯದೆ ತರಕಾರಿ ಹೆಸರು ಬರೆಯುವುದು ನಮ್ಮ ಲ್ಯಾಬಿನ ಪದ್ಧತಿ. ಈ ಸಲ ಹೀರೆಕಾಯಿ ಮಾಲು, ಬದನೆಕಾಯಿ ಖಾಲಿ. ಅಷ್ಟಕ್ಕೂ ಸಮಾಧಾನವಾಗದೆ ನಾನೊಂದು ಉಪಾಯ ಹೂಡಿದ್ದೆ. ಮೊದಲು ಖಾಲಿಯನ್ನೇ ಮಾಲೆಂದು ಕೊಡುವುದು. ಬರೀ ಪರದೆ ನೋಡಿ ಅವರ ಆಸಕ್ತಿ ಇಳಿದು, ನನ್ನನ್ನು ಯಂತ್ರದ ಹತ್ತಿರ ಒಬ್ಬಳನ್ನೇ ಬಿಟ್ಟು ಎದ್ದು ಹೋದ ಮೇಲೆ ಹೀರೆಕಾಯಿ ತೆಗೆಯುವುದು.

ಬೆಳಗ್ಗೆ ಎಂಜಿಬಿಎಸ್ ನಿಲ್ದಾಣದಲ್ಲಿ ಇಳಿದಾಗ ಡಬ್ಬಿಯಲ್ಲಿ ಐಸಿಗಿಂತ ನೀರೇ ಜಾಸ್ತಿ ಇತ್ತು. ಹೊರಗೆ ಕಬ್ಬಿನ ಹಾಲಿನ ಗಾಡಿಯವನನ್ನು ಗೋಗರೆದು ಐಸ್ ತುಂಬಿಸಿಕೊಂಡೆ. ಅಲ್ಲಿಂದ ಮೆಟ್ರೊ, ಪರೇಡ್ ಗ್ರೌಂಡ್‌ನಲ್ಲಿ ಗಾಡಿ ಬದಲಿಸಬೇಕು. ತಪಾಸಣೆಯ ಹೆಂಗಸು ಡಬ್ಬಿಗೆ ಬಡಿದು, "ಇಸ್‌ಮೇ ಕ್ಯಾ ಹೈ ಅಮ್ಮಾ?" ಎಂದಳು. ದವಾ ಎಂದೆ. "ದವಾಕು ಇತ್ನಾ ಐಸ್? ಖೋಲೋ." ತೆರೆದೆ. ಬೆರಳುದ್ದದ ಎರಡು ನಳಿಕೆ ನೋಡಿ ಅವಳ ಸಂಶಯ ಇನ್ನೂ ಹೆಚ್ಚಾಯಿತು. ಮುಟ್ಟಬೇಡಿ ಎಂದು ಕೂಗಿದ್ದಕ್ಕೆ ಹಿಂದಿನವರೆಲ್ಲ ನನ್ನನ್ನು ಕಳ್ಳಿಯ ಹಾಗೆ ನೋಡಿದರು. ಕೊನೆಗೆ ಗುರುತಿನ ಚೀಟಿ ತೋರಿಸಿ ಪಾರಾದೆ.

ಉಪ್ಪಲ್‌ನಲ್ಲಿ ಇಳಿದು, ಪೆಸರಟ್ಟು ತಿಂದು, ಆಟೊ ಹಿಡಿದೆ. ಬಿರಾದಾರ ಸರ್ ಬಾಗಿಲಲ್ಲೇ ನಿಂತಿದ್ದರು. ದಪ್ಪ ಕನ್ನಡಕ, ಬಾಯ್ತುಂಬ ಮಾತು. "ಬಾರವಾ, ನಾಷ್ಟಾ ಆತೇನು? ಇಲ್ಲಿ ಮನಿ ಬಿಟ್ರ ಕನ್ನಡ ಮಾತಾಡೋರೇ ಸಿಗಂಗಿಲ್ಲ ನೋಡು" ಎಂದರು. ಇಷ್ಟು ಸಲಿಗೆ ಯಾಕೆ ಎಂದುಕೊಂಡೆ. ಚಹಾ ತರಿಸಿದರು. ಡಬ್ಬಿಯನ್ನು ಕಾಲ ನಡುವೆ ಇಟ್ಟುಕೊಂಡೇ ಕುಡಿದೆ.

"ಯಾವುದು ಮಾಲು?"

"ಬದನಿಕಾಯಿ ಸರ್."

ಅವರು ನಗಲಿಲ್ಲ, ಕೆದಕಿ ಕೇಳಲೂ ಇಲ್ಲ. ಒಂದು ಹನಿಯನ್ನು ತಾಮ್ರದ ಪುಟ್ಟ ಜಾಲರಿಯ ಮೇಲೆ ಬಿಟ್ಟು, ಬಣ್ಣ ಹಾಕಿ, ಒಣಗಿಸಿ ಯಂತ್ರದೊಳಗೆ ತೂರಿಸಿದರು. ನಾನು ಬರೀ ಪರದೆಗೆ ಕಾದಿದ್ದೆ. ಆದರೆ ಪರದೆಯ ತುಂಬ ಬೆಳ್ಳಗಿನ ಪುಟ್ಟ ಆಕಾರಗಳು ಮೂಡಿದವು. ನಾಲ್ಕೆಸಳಿನ ಹೂವಿನಂಥವು, ಒಂದರಂತೆ ಇನ್ನೊಂದು. ಬಳೆ ಒಂದೂ ಇರಲಿಲ್ಲ.

"ಭಾಳ ಛಲೋ ಬಂದಾವಲ್ಲ! ನೀ ಫೋನಿನ್ಯಾಗ ಹೇಳಿದ ಕಾವಲುಗಾರ ಇವನೇ ಇರಬೇಕು. ಬಳಿಯಿಂದ ಕಳಚಿಕೊಂಡಾನ ಅಷ್ಟ. ಇದರ ಮ್ಯಾಲೇ ಒಂದು ಪೇಪರ್ ಆಗತೈತಿ. ತಗಿ, ಖಾಲಿದು ಕೊಡು, ಅದನ್ನೂ ನೋಡೇ ಬಿಡೂಣ" ಎಂದರು.

ಹಿಡಿಕೆಯಿಲ್ಲದ ಕೋಶದಿಂದಲೂ ಇಷ್ಟೊಂದು ಬಂದಿದೆ ಎಂದರೆ ಈ ಪ್ರೋಟೀನು ಬಳೆಯ ಜೊತೆಗೆ ಬಂದದ್ದಲ್ಲ, ನಮ್ಮ ಮಣಿಗಳಿಗೆ ತಾನಾಗಿ ಅಂಟಿಕೊಂಡದ್ದು. ಖಾಲಿಯ ಒಂದೇ ತಟ್ಟೆಯಲ್ಲಿ ಅದು ಕಣ್ಣಿಗೆ ಬೀಳದಷ್ಟು ಕಡಿಮೆ ಇರುತ್ತಿತ್ತು, ಮಾಲಿನ ರಾಶಿಯಲ್ಲಿ ಮಾತ್ರ ಕಂಡದ್ದರಿಂದ ಅದನ್ನೇ ಕಾವಲುಗಾರನೆಂದು ನಂಬಿದ್ದೆವು; ಈ ಸಲ ಖಾಲಿಗೂ ರಾಶಿ ಹಾಕಿದಾಗ ಎದ್ದು ಕಂಡಿತು. ಕಾವಲುಗಾರ ಎಂಬುವನೇ ಇಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ. ಈಗ ಹೀರೆಕಾಯಿ ಕೊಟ್ಟರೆ ಖಾಲಿ ಎಂದದ್ದರಲ್ಲಿ ಬಳೆ ಕಂಡು ನನ್ನ ಸುಳ್ಳೂ ಹೊರಬೀಳುತ್ತಿತ್ತು. ಮನೆಗೆ ಫೋನ್ ಮಾಡಿ ಬರುತ್ತೇನೆಂದು ಹೇಳಿ, ಡಬ್ಬಿ ಎತ್ತಿಕೊಂಡು ಹೊರಗೆ ಓಡಿದೆ.

ಬೇವಿನ ಮರದ ನೆರಳಿನಲ್ಲಿ ನಿಂತು, ಮೇಡಂಗೆ ಫೋನ್ ಹಚ್ಚಿ ಎಲ್ಲವನ್ನೂ ಹೇಳಿದೆ. ಅವರ ಮೊದಲ ಪ್ರಶ್ನೆ, "ಖಾಲಿಗೆ ಎಷ್ಟು ತಟ್ಟಿ ಹಾಕಿದ್ದಿ?"

"ಮಾಲಿನಷ್ಟ ರಿ. ಅವರು ಹೇಳಿದ್ರು."

"ನನ್ನ ಕೇಳಬೇಕಿತ್ತಲ್ಲ?" ಎಂದರು ಮೇಡಂ. "ಏನೂ ಬಿಗಡಾಯಿಸಿಲ್ಲ. ಬದನಿಕಾಯಿ ಏನಂತ ಅವರಿಗೆ ಗೊತ್ತಿಲ್ಲ ಹೌದಲ್ಲೋ? ಖಾಲಿ ನಳಿಕಿ ದಾರ್ಯಾಗ ಸೋರಿ ಹೋತು ಅಂತ ಹೇಳು. ಸುಮ್ಮ ಎದ್ದು ಬಾ."

ಅವರ ದನಿಯಲ್ಲಿ ಗಾಬರಿ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಧಾರವಾಡದಿಂದ ಇಲ್ಲಿಯ ತನಕ ನಾನು ಕ್ಲೀನರನನ್ನು, ಮೆಟ್ರೊದ ಹೆಂಗಸನ್ನು, ಚಹಾ ಕೊಟ್ಟ ಮನುಷ್ಯನನ್ನು ಶಂಕಿಸಿದ್ದೆ. ಮೇಡಂಗೆ ಇದು ಮೊದಲೇ ಗೊತ್ತಿತ್ತೇ? ಖಾಲಿಗೆ ಒಂದೇ ತಟ್ಟೆ ಹಾಕಿಸಿದ್ದು ಬರೀ ಖರ್ಚಿನ ಹೆದರಿಕೆಗೋ, ಇದು ಕಾಣಬಾರದೆಂದೋ? ಕೇಳುವ ಧೈರ್ಯ ಬರಲಿಲ್ಲ. ನನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಅವರೇ. ಹೂಂ ಎಂದು ಫೋನ್ ಇಟ್ಟೆ. ಅಳು ಬಂತು, ಸ್ವಲ್ಪ ಹೊತ್ತು ಅತ್ತೆ ಕೂಡ.

ಒಳಗೆ ಬಂದಾಗ ಬಿರಾದಾರ ಸರ್ ಎದ್ದಿರಲಿಲ್ಲ. ಪರದೆಯ ಮೇಲೆ ಇನ್ನೂ ಅದೇ ಹೂವುಗಳು. "ತಗೊಂಡು ಬಂದ್ಯಾ ಖಾಲಿದು?" ಎಂದರು. ಸೋರಿ ಹೋಯಿತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಸರ್, ನೀವು ನೋಡಾಕತ್ತಿದ್ದೇ ಖಾಲಿದು" ಎಂದೆ. "ನಾನು ಸುಳ್ಳು ಹೇಳಿದ್ದೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಯಲಿಲ್ಲ. ಹೀರೆಕಾಯಿ ಇಸಿದುಕೊಂಡು ಅದನ್ನೂ ಹಾಕಿ ನೋಡಿದರು. ಬಳೆಗಳಿದ್ದವು, ನಾಲ್ಕೆಸಳೂ ಇತ್ತು. ಎಷ್ಟು ಹುಡುಕಿದರೂ ಒಂದಕ್ಕೊಂದು ಅಂಟಿದ್ದು ಸಿಗಲಿಲ್ಲ. "ಈ ಮಣಿ ಬಳಸೋ ಮಂದಿ ಎಲ್ಲಾರಿಗೂ ಕಾಡೋ ಪ್ರೋಟೀನು ಇದು. ಕರೀಲಾರದ ಬರತೈತಿ. ನಮ್ಮ ಹುಡುಗ್ರೂ ಇದರ ಹಿಂದ ಓಡಿ ಓಡಿ ಸಾಕಾಗ್ಯಾರ" ಎಂದರು. ಹಾಗಾದರೆ ಅದನ್ನು ನೋಡಿದ ಕೂಡಲೇ ಅವರಿಗೆ ತಿಳಿದಿರಬೇಕಲ್ಲವೇ? ತಿಳಿದೂ ಹೊಗಳಿ ನನ್ನನ್ನು ಪರೀಕ್ಷಿಸಿದರೇ? ಈ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ. ಊಟಕ್ಕೆ ಮನೆಗೆ ಕರೆದರು, ನಾನು ಒಲ್ಲೆ ಎಂದೆ.

ಸಂಜೆಯ ಬಸ್ಸು ಸಿಕ್ಕಿತು. ಡಬ್ಬಿ ಡಿಕ್ಕಿಯಲ್ಲಿತ್ತು. ಶಂಷಾಬಾದ್ ದಾಟುವಾಗ ಮೇಡಂ ಫೋನ್ ಬಂತು.

"ಸೋರಿ ಹೋತು ಅಂದ್ಯಾ? ನಂಬಿದ್ರ?"

"ಇದ್ದದ್ದು ಇದ್ದಂಗ ಹೇಳೀನಿ ರಿ."

"ಯಾರನ್ನ ಕೇಳಿ ಹೇಳಿದಿ?"

"ಯಾರನ್ನೂ ಕೇಳಿಲ್ಲ ಮೇಡಂ" ಎಂದೆ. ಆ ಕಡೆಯಿಂದ ಫೋನ್ ಕಟ್ಟಾಯಿತು. ಧಾರವಾಡ ಬರುವ ತನಕ ಅದು ಮತ್ತೆ ರಿಂಗಾಗಲಿಲ್ಲ.