ತಿನ್ನದ ಮೀನಿಗೆ ಗಾಳ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸವದತ್ತಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಬಸ್ಸು ತಡವಾದರೆ ಜನ ನನ್ನ ಕಿಟಕಿಗೇ ಬರುತ್ತಿದ್ದರು. ಹುಣ್ಣಿಮೆ ಹತ್ತಿರವಾದಾಗ ದೇವಿಯ ಗುಡ್ಡಕ್ಕೆ ಹೋಗುವವರ ನೂಕುನುಗ್ಗಲಿನಲ್ಲಿ ಮೈಕಿನ ಮುಂದೆ ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಮನೆಯಲ್ಲೂ ಅದೇ ದನಿಯಲ್ಲಿ ಮಾತಾಡುತ್ತಿದ್ದೆ. ಒಂದು ದಿನ ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ಗಂಗಾಳವನ್ನೇ ತಳ್ಳಿಬಿಟ್ಟೆ. ಹೆಂಡತಿ ಚೆಲ್ಲಿದ್ದನ್ನು ಬಳಿದುಕೊಂಡು ಒಳಗೆ ಹೋದಳು.

ಮರುದಿನ ಡಾಕ್ಟರ ಬಳಿ ಹೋದೆ. ಬಿಪಿ ಏರಿತ್ತು. ಗುಳಿಗೆ ಬರೆದುಕೊಟ್ಟು, "ವಾರದಾಗ ಒಂದೆರಡು ದಿನಾನರೆ ಎಲ್ಲ್ಯರೆ ಹೋಗಿ ಸುಮ್ಮನ ಕುಂದರ್ರಿ" ಎಂದರು.

ಸುಮ್ಮನೆ ಕೂರುವುದು ನನಗೆ ಬರುತ್ತಿರಲಿಲ್ಲ. ಇದನ್ನು ಕೇಳಿದ ಒಬ್ಬ ಡ್ರೈವರ್, ನನ್ನ ಓರಗೆಯ ಗೆಳೆಯ, ರಜೆಯ ದಿನ ನನ್ನನ್ನು ಮಲಪ್ರಭೆಯ ಹಿನ್ನೀರಿಗೆ ಕರೆದೊಯ್ದು ಕೈಗೊಂದು ಬಿದಿರಿನ ಕೋಲು ಕೊಟ್ಟ. ಅದಕ್ಕೆ ನೈಲಾನ್ ದಾರ, ದಾರದ ತುದಿಗೆ ಗಾಳ.

"ಹುಚ್ಚ ಹಿಡದೈತೇನ್ಲೇ? ನಾ ಲಿಂಗಾ ಕಟ್ಟಿದಾಂವ" ಎಂದೆ.

"ತಿನ್ನಂತ ಯಾರ ಹೇಳ್ಯಾರ? ಹಿಡಿ, ಬಿಡು. ಪಾಪ ಎಲ್ಲಿಂದ ಬಂತು?"

ಆ ಮಾತು ನನಗೆ ಬೇಕಾಗಿತ್ತು, ಒಪ್ಪಿಕೊಂಡೆ. ಎರೆಹುಳ ಚುಚ್ಚಲು ಮನಸ್ಸಾಗದೆ ಜೋಳದ ಹಿಟ್ಟಿನ ಉಂಡೆ ಒಯ್ಯತೊಡಗಿದೆ. ಹೆಂಡತಿಗೆ, ಅಡ್ಡಾಡಿ ಬರುತ್ತೇನೆ ಎಂದಷ್ಟೇ ಹೇಳುತ್ತಿದ್ದೆ. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಟ್ಟ ಬೆಂಡನ್ನು ನೋಡುತ್ತ ಕೂತರೆ ತಲೆಯೊಳಗಿನ ಗದ್ದಲ ಮೆಲ್ಲಗೆ ಅಡಗುತ್ತಿತ್ತು. ಬೆಂಡು ಮುಳುಗಿದಾಗ ಎದೆಯಲ್ಲಿ ಏನೋ ಕುಣಿಯುತ್ತಿತ್ತು. ಅಂಗೈಯಷ್ಟು ಮೀನು ಬಂದರೆ ಗಾಳ ಬಿಡಿಸಿ ನೀರಿಗೆ ಬಿಡುತ್ತಿದ್ದೆ. ಬಿಡುವಾಗ ದೊಡ್ಡ ಪುಣ್ಯ ಮಾಡಿದಂತೆ ಅನಿಸುತ್ತಿದ್ದುದೂ ಸುಳ್ಳಲ್ಲ. ಹೀಗೆ ಒಂದು ವರ್ಷ ದಾಟಿತು.

ಆ ದಂಡೆಯಲ್ಲಿ ಮೀನು ಹಿಡಿದೇ ಬದುಕುವ ಗಂಡ ಹೆಂಡತಿ ಇದ್ದರು, ಇಬ್ಬರೂ ನನಗಿಂತ ಹಿರಿಯರು. ಒಂದು ಸಂಜೆ ಆಕೆ ಬಲೆ ಹರವುತ್ತ ನನ್ನ ಹತ್ತಿರ ಬಂದಳು.

"ಸಾಹೇಬ್ರ, ಒಂದ್ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನೀವು ಮೀನಾ ತಿನ್ನೂದಿಲ್ಲ, ಮಾರೂದಿಲ್ಲ. ಹಂಗಾದ್ರ ಅದರ ಬಾಯಿ ಯಾಕ ಹರೀತೀರಿ?"

"ಬಿಡತೇನಲ್ಲ ಯಕ್ಕಾ."

"ಬಿಡತೀರಿ, ಖರೆ. ಬಾಯಿ ಹರದ ಮ್ಯಾಲ."

ನನಗೆ ಸಿಟ್ಟೇ ಬಂತು. ದಿನಾ ಬಲೆ ತುಂಬ ಮೀನು ಕೊಲ್ಲುವವಳು ನನಗೆ ಬುದ್ಧಿ ಹೇಳಲು ಬಂದಳೇ ಎಂದುಕೊಂಡು, ಮುಂದಿನ ಸಲ ದೂರ ಹೋಗಿ ಒಂದು ಬಂಡೆಯ ಮೇಲೆ ಕೂತೆ.

ಅಲ್ಲಿ ಕೂತ ಮೂರನೆಯ ವಾರ ಒಂದು ಮೀನು ಗಾಳವನ್ನು ಗಂಟಲೊಳಗೇ ನುಂಗಿತು. ಬಿಡಿಸಲು ಹೋದೆ, ಬರಲಿಲ್ಲ. ಎಳೆದೆ, ಕಿವಿರಿನಿಂದ ರಕ್ತ ಬಂತು. ನೀರಿಗೆ ಬಿಟ್ಟರೆ ಮಗ್ಗುಲಾಗಿ ತೇಲಿತು, ಮತ್ತೆ ಎತ್ತಿಕೊಂಡೆ. ಅದು ಬಾಯಿ ತೆರೆದು ಮುಚ್ಚುತ್ತಲೇ ಇತ್ತು. ಏನು ಮಾಡಬೇಕೆಂದು ತಿಳಿಯದೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೋಲು ದಾರ ಸಮೇತ ಆಕೆಯ ಬಳಿಗೆ ಓಡಿದೆ.

ಆಕೆ ಮೀನನ್ನು ಕಲ್ಲಿನ ಮೇಲಿಟ್ಟು ಕಟ್ಟಿಗೆಯಿಂದ ತಲೆಗೆ ಒಂದೇ ಏಟು ಹಾಕಿದಳು. ಅದು ಸುಮ್ಮನಾಯಿತು.

"ಇದು ನಮ್ಮ ಸಾರಿಗಾತು. ನೀವು ಕುಂದರ್ರಿ ಮದಲ" ಎಂದಳು.

ಆಗಷ್ಟೇ ಹರಿಗೋಲು ದಡಕ್ಕೆ ತಂದ ಆಕೆಯ ಗಂಡ ನನ್ನ ಕೈ ನೋಡಿ, "ಬರ್ರಿ, ಹುಟ್ಟ ಹಾಕ್ರಿ. ಕೈಗೆ ಕೆಲಸಾ ಕೊಟ್ರ ನಡಗೂದಿಲ್ಲ" ಎಂದ. ಹತ್ತಿದೆ. ನಾನು ಹುಟ್ಟು ಹಾಕಿದಷ್ಟೂ ಹರಿಗೋಲು ನಿಂತಲ್ಲೇ ಗಿರಗಿರ ತಿರುಗಿತು. ದಂಡೆಯ ಮೇಲೆ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು.

ಅಂದು ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಹಿಟ್ಟ ಕಮ್ಮಿ ಆಗೂದು ನನಗ ಗೊತ್ತಾಗೂದಿಲ್ಲೇನ್ರಿ? ನಿಮ್ಮ ಅಂಗಿ ಒಗ್ಯಾಕಿ ನಾನ ಅಲ್ಲಾ?"

"ಮತ್ತ ಯಾಕ ಸುಮ್ಮನಿದ್ದಿ?"

ರೊಟ್ಟಿ ಹಂಚಿಗೆ ಹಾಕುತ್ತ ಹೇಳಿದಳು: "ಅಲ್ಲಿಗೆ ಹೋಗಿ ಬಂದ ದಿನ ನೀವು ಒದರತಿದ್ದಿಲ್ಲ. ನನ್ನ ಮ್ಯಾಲ ಬರೂದು ಮೀನಿನ ಮ್ಯಾಲ ಹೋತು ಅಂತ ಸುಮ್ಮನಾಗತಿದ್ನಿ. ಖರೆ, ಅದೂ ಛಲೋ ಅನಸತಿದ್ದಿಲ್ಲರಿ ನನಗ."

ನಾನು ಅಲ್ಲೇ ಒಲೆಯ ಪಕ್ಕ ಕೂತೆ. ಬಚ್ಚಿಡುವುದು ಇನ್ನೇನೂ ಉಳಿದಿರಲಿಲ್ಲ. ಆ ಹಗುರತನ ಎಷ್ಟೋ ವರ್ಷಗಳಿಂದ ನನಗೆ ಸಿಕ್ಕಿರಲಿಲ್ಲ.

ಕೋಲನ್ನು ಗೆಳೆಯನಿಗೆ ಮರಳಿಸಿದೆ. ಮಂಗ್ಯಾ ಎಂದು ಬೈದು ಇಸಿದುಕೊಂಡ. ರಜೆಯ ದಿನ ಆ ಗಂಡ ಹೆಂಡತಿಯ ಹರಿಗೋಲಿಗೆ ಹುಟ್ಟು ಹಾಕಲು ಹೋಗತೊಡಗಿದೆ. ಅವರು ಬಲೆ ಎಳೆಯುತ್ತಿದ್ದರು, ನಾನು ಹರಿಗೋಲು ತಿರುಗದಂತೆ ಹಿಡಿಯುತ್ತಿದ್ದೆ. ಬಲೆಯಲ್ಲಿ ಮೀನು ಸಾಯುತ್ತಿದ್ದವು, ಅದರಲ್ಲಿ ನನ್ನ ಕೈಯೂ ಇತ್ತು. ಹಾಗಾಗಿ ನನ್ನ ಕೈ ಶುದ್ಧವಾಯಿತೆಂದು ಹೇಳಲಾರೆ. ಆದರೆ ಅವು ಯಾರದೋ ಹಸಿವಿಗೆ ಸಾಯುತ್ತಿದ್ದವು, ನನ್ನ ಬೇಸರಕ್ಕಲ್ಲ. ಅಷ್ಟು ವ್ಯತ್ಯಾಸ ನನಗೆ ನಿದ್ದೆ ಕೊಟ್ಟಿತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳ ಮೇಲೆ ಒಮ್ಮೆ ಹೆಂಡತಿ ತಾನೂ ಬರುತ್ತೇನೆಂದಳು. ಹರಿಗೋಲು ಅಲುಗಿದೊಡನೆ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ನಡುನೀರಿಗೆ ಬಂದ ಮೇಲೆ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದನ್ನೂ ಬಿಟ್ಟು ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು. ನಾನು ದಡದ ಕಡೆಗೆ ತಿರುಗಿಸಲು ಹೋದೆ.

"ಇಷ್ಟ ಲಗೂನ ಯಾಕ್ರಿ? ಇನ್ನೊಂದ್ ಸುತ್ತ ಹಾಕ್ರಿ" ಎಂದಳು.